ಡಿಗ್ರಿ ಆದಮೇಲೆ ಪಿಯುಸಿ

ಅಕ್ಕನನ್ನು ಲಾ ಕಾಲೇಜಿನಿಂದ ತೆಗೆದಿದ್ದಾರೆ ಎಂದು ನನಗೆ ಹೇಳಿದವಳು ಅಕ್ಕನಲ್ಲ, ಅವಳ ಕ್ಲಾಸಿನ ಋತುಜಾ. ಸ್ಕೂಟಿಯ ಬ್ರೇಕ್ ಸಡಿಲಾಗಿದೆ ಎಂದು ಕಾರವಾರ ರೋಡಿನ ನನ್ನ ಗ್ಯಾರೇಜಿಗೆ ಬಂದಿದ್ದಳು. ನಾನು ಕುಕ್ಕರಗಾಲಲ್ಲಿ ಕೂತು ಹಿಂದಿನ ಗಾಲಿ ತಿರುಗಿಸಿ ನೋಡುತ್ತಿದ್ದೆ.

"ಯಾಸ್ಮಿನಕ್ಕ ಹೆಂಗದಾರ್ರಿ ಈಗ? ಭಾಳ ಮನಸಿಗೆ ಹಚ್ಚಿಕೊಂಡಾರೇನು?"

"ಏನ ಹಚ್ಚಿಕೊಳ್ಳಾಕ? ಏನಾಗೇತಿ?"

ಋತುಜಾಳ ಮುಖ ಸಣ್ಣದಾಯಿತು. "ನಿಮಗ ಹೇಳಿಲ್ಲೇನ್ರಿ? ಹೋದ ವಾರನ ಆಕಿ ಹೆಸರ ತಗದಾರ್ರಿ. ಯೂನಿವರ್ಸಿಟಿಯವರು ಅಡ್ಮಿಷನ್ ಒಪ್ಪಲಿಲ್ಲಂತ. ಪಿಯುಸಿ ಇಲ್ಲಂತ."

"ಪಿಯುಸಿ ಯಾಕ ಬೇಕ್ರಿ? ಡಿಗ್ರಿ ಐತೆಲ್ಲ. ಡಿಗ್ರಿ ದೊಡ್ಡದೋ, ಪಿಯುಸಿ ದೊಡ್ಡದೋ?"

"ನಂಗೇನ ಗೊತ್ರಿ ಅಣ್ಣಾ," ಎಂದಳು. ನಾನು ನಟ್ಟು ಬಿಗಿಯುವ ಪಾನಾ ಕೆಳಗೆ ಒಗೆದ ಸದ್ದಿಗೆ ಹಿಂದೆ ಸರಿದಳು. ಬ್ರೇಕ್ ಪೂರ್ತಿ ಬಿಗಿಯಾಗುವ ಮೊದಲೇ ಗಾಡಿ ತೆಗೆದುಕೊಂಡು ಹೋದಳು.

ಹೋದ ವಾರವೇ ಎಂದರೆ, ಆ ವಾರವೆಲ್ಲ ಅಕ್ಕ ಮುಂಜಾನೆ ಬಿಳಿ ಚೂಡಿದಾರ ಹಾಕಿಕೊಂಡು, ಕರಿ ಕೋಟು ಮಡಿಚಿ ಚೀಲದಲ್ಲಿಟ್ಟುಕೊಂಡು, ಧಾರವಾಡದ ಬಸ್ಸಿಗೆ ಹೋಗುತ್ತೇನೆ ಎಂದು ಮನೆ ಬಿಟ್ಟು ಹೋಗಿದ್ದಳು. ಎಲ್ಲಿಗೆ ಹೋಗುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಸೀದಾ ತಾನು ಟೈಪಿಂಗ್ ಕೆಲಸ ಮಾಡುವ ಶಾಂತಯ್ಯ ವಕೀಲರ ಆಫೀಸಿಗೆ. ಕಸ ಹೊಡೆಯುವ ಹೆಂಗಸು ಬರುವ ಮೊದಲೇ ಕೀಲಿ ತೆಗೆದು, ಕೋಟು ಗೂಟಕ್ಕೆ ಹಾಕಿ, ಕಂಪ್ಯೂಟರಿನ ಮುಂದೆ ಕೂತು ಬಿಡುತ್ತಿದ್ದಳು.

ನಾವು ಪಿಂಜಾರರು. ನಮ್ಮಪ್ಪ ಮಕಬೂಲಸಾಬ ಹಳೇ ಹುಬ್ಬಳ್ಳಿಯಲ್ಲಿ ಗಾದಿ ಮಾಡುತ್ತಾನೆ. ಹಳೇ ಹತ್ತಿ ಬಿಚ್ಚಿ, ಮಶಿನ್‌ಗೆ ಹಾಕಿ ಹಿಂಜಿ, ಮತ್ತೆ ತುಂಬಿ ಹೊಲಿಯುತ್ತಾನೆ. ನಾನು ಎಂಟನೇ ಇಯತ್ತೆಗೆ ಸಾಲಿ ಬಿಟ್ಟೆ, ಗ್ಯಾರೇಜ್ ಹಿಡಿದೆ. ಅದರ ಬಗ್ಗೆ ನನಗೇನೂ ಅನ್ನಿಸಿಲ್ಲ. ಅಕ್ಕನದು ಹಾಗಲ್ಲ. ಅವಳು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆಮೇಲೆ ಕಾಲೇಜಿಗೆ ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಹೋಗು ಎಂದೂ ಯಾರೂ ಅನ್ನಲಿಲ್ಲ. ನಮ್ಮ ಓಣಿಯಲ್ಲಿ ಹುಡುಗಿಯರ ಓದು ಹೀಗೇ ನಿಲ್ಲುತ್ತದೆ, ಸದ್ದಿಲ್ಲದೆ. ಒಂದೆರಡು ವರ್ಷ ಮನೆಯಲ್ಲಿ ಗಾದಿಗೆ ಹಾಕುವ ಬಟ್ಟೆಯ ಖೋಳು ಹೊಲಿದಳು. ಆಮೇಲೆ ತಾನೇ ಹೋಗಿ ಟೈಪಿಂಗ್ ಕಲಿತಳು. ಅದರಿಂದ ಶಾಂತಯ್ಯ ವಕೀಲರಲ್ಲಿ ಕೆಲಸ ಸಿಕ್ಕಿತು.

ವಕೀಲರ ಆಫೀಸಿನಲ್ಲಿ ದಾವೆ, ಅರ್ಜಿ, ಜವಾಬು ಎಲ್ಲ ಟೈಪ್ ಮಾಡುವವಳು ಅವಳು. ಒಮ್ಮೆ ಯಾವುದೋ ಫೈಲು ಕೊಡಲು ಕೋರ್ಟಿಗೆ ಹೋಗಿದ್ದಳಂತೆ. ಒಬ್ಬ ಜೂನಿಯರ್ ಎದ್ದು ನಿಂತು, ಅವಳೇ ಟೈಪ್ ಮಾಡಿದ್ದ ಸಾಲುಗಳನ್ನು ಜಡ್ಜ್ ಮುಂದೆ ಓದುತ್ತಾ ನಡುವೆ ಎಡವುತ್ತಿದ್ದನಂತೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ, "ಅಂವ ಹೇಳೂದು ನಾ ಹೇಳಿದ್ರ ಛಲೋ ಆಕ್ಕಿತ್ತು," ಎಂದಳು. ಅಷ್ಟೇ ಎಂದಳು. ಅವ್ವ ಮೈಮುನಾ ನಕ್ಕು, "ಹಂಗಾರ ನೀನ ವಕೀಲಾಗು," ಎಂದು ಇನ್ನೊಂದು ರೊಟ್ಟಿ ನೀಡಿದಳು. ಅವ್ವ ಚೇಷ್ಟೆಗೆ ಅಂದದ್ದು. ಅಕ್ಕ ಚೇಷ್ಟೆ ಎಂದುಕೊಳ್ಳಲಿಲ್ಲ.

ಮೂರು ವರ್ಷದ ಎಲ್‌ಎಲ್‌ಬಿಗೆ ಮೊದಲು ಒಂದು ಡಿಗ್ರಿ ಬೇಕು. ಡಿಗ್ರಿಗೆ ಪಿಯುಸಿ ಬೇಕು. ಆದರೆ ದೂರಶಿಕ್ಷಣದಲ್ಲಿ, ವಯಸ್ಸು ಆಗಿದ್ದರೆ ಪಿಯುಸಿ ಇಲ್ಲದೆಯೂ ಡಿಗ್ರಿ ಮಾಡಬಹುದು ಎಂದು ಅವಳಿಗೆ ಯಾರೋ ಹೇಳಿದರು. ಅದು ಸುಳ್ಳಲ್ಲ. ಅವರೇ ಒಂದು ಪರೀಕ್ಷೆ ಇಟ್ಟರು, ಅದರಲ್ಲಿ ಪಾಸಾದಳು, ಬಿ.ಎ. ಸೇರಿಸಿಕೊಂಡರು. ಹಗಲು ಆಫೀಸು, ಸಂಜೆ ಅಡುಗೆಮನೆ, ನಡುನಡುವೆ ಇತಿಹಾಸ, ರಾಜ್ಯಶಾಸ್ತ್ರ. ಕಳ್ಳ ಡಿಗ್ರಿಯಲ್ಲ, ಯಾವ ಏಜೆಂಟನೂ ಕೊಟ್ಟದ್ದಲ್ಲ. ಘಟಿಕೋತ್ಸವದಲ್ಲಿ ಟೋಪಿ ಹಾಕಿಕೊಂಡು ತೆಗೆಸಿಕೊಂಡ ಫೋಟೋ ನಮ್ಮಪ್ಪನ ಅಂಗಡಿಯಲ್ಲಿ ಈಗಲೂ ಇದೆ, ಹತ್ತಿಯ ಧೂಳು ಕೂತು ಅಕ್ಕನಿಗೆ ಬಿಳಿ ಮೀಸೆ ಬಂದಿದೆ.

ಆ ಡಿಗ್ರಿಯ ಮೇಲೆ ಧಾರವಾಡದ ಲಾ ಕಾಲೇಜು ಅವಳನ್ನು ಸೇರಿಸಿಕೊಂಡಿತು. ಫೀ ಕಟ್ಟಿಸಿಕೊಂಡಿತು, ಐಡಿ ಕಾರ್ಡ್ ಕೊಟ್ಟಿತು. ಮೂರು ತಿಂಗಳು ಕೂರಿಸಿ ಪಾಠ ಮಾಡಿತು. ಆಮೇಲೆ ಎದ್ದು ಹೋಗು ಎಂದಿತು.

ಋತುಜಾ ಹೇಳಿದ ದಿನ ಸಂಜೆ ನಾನು ಮನೆಯಲ್ಲಿ ಕೂಗಾಡಿದೆ. ಅಕ್ಕ ಬಾಗಿಲ ಹತ್ತಿರ ಕೂತು ಮೆಂತ್ಯೆ ಸೋಸುತ್ತಿದ್ದಳು.

"ಒಂದ ವಾರ ಬಾಯಿ ಬಿಡಲಿಲ್ಲಲ್ಲ ನೀನು. ನನಗರ ಹೇಳಬೇಕಿಲ್ಲೇನು?"

"ನಿನಗ ಹೇಳಿದ್ರ ಏನ ಮಾಡ್ತಿದ್ದಿ? ಅಲ್ಲಿ ಹೋಗಿ ಯಾರದರ ಅಂಗಿ ಹಿಡಿತಿದ್ದಿ."

"ಹಿಡಿತಿದ್ದೆ."

"ಅದಕ್ಕ ಹೇಳಲಿಲ್ಲ."

ಅಪ್ಪ ಗೋಡೆಗೆ ಒರಗಿ ಕೂತಿದ್ದ. "ಪಿಯುಸಿ ಒಂದ ಇಲ್ಲಂತೇನ ಅವರ ತಕರಾರು?" ಎಂದು ಕೇಳಿದ.

"ಹೌದಪಾ."

"ಅಷ್ಟ ಇದ್ರ, ಅದನ ಮಾಡಿ ಕೊಟ್ಟರ ಆತಲ್ಲ."

ನಮ್ಮ ಮನೆಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಾವೆಲ್ಲ ರಿಪೇರಿಯ ಮಂದಿ. ಗಾದಿಯ ಒಂದು ಮೂಲೆಯಲ್ಲಿ ಹತ್ತಿ ಕಡಿಮೆಯಾದರೆ ಅಪ್ಪ ಇಡೀ ಗಾದಿ ಬಿಚ್ಚುವುದಿಲ್ಲ. ಆ ಮೂಲೆಯ ಹೊಲಿಗೆ ಬಿಚ್ಚಿ, ಹತ್ತಿ ತುರುಕಿ, ಮತ್ತೆ ಹೊಲಿಯುತ್ತಾನೆ. ಗಾಡಿಯಲ್ಲಿ ಒಂದು ವಾಶರ್ ಬಿಟ್ಟುಹೋಗಿದ್ದರೆ ನಾನು ಆ ವಾಶರ್ ತಂದು ಕೂರಿಸುತ್ತೇನೆ. ಗಾಡಿಗೆ ಅದು ಯಾವಾಗ ಬಂತು ಎಂಬುದು ಬೇಕಾಗಿಲ್ಲ. ಇದ್ದರೆ ಸಾಕು, ಓಡುತ್ತದೆ.

ಶಾಂತಯ್ಯ ವಕೀಲರೂ ಬೇರೆ ಹೇಳಲಿಲ್ಲ. "ಕೋರ್ಟಿನ್ಯಾಗೂ ಹಂಗ ಐತೆಲ್ಲವಾ ತಂಗಿ. ದಾವೆ ಹಾಕೂಮುಂದ ಒಂದ ಕಾಗದ ಬಿಟ್ಟಿದ್ರ ಆಫೀಸಿನವರು ತಕರಾರ ಬರಿತಾರ. ಆಮ್ಯಾಲ ನಾವ ಅದನ್ನ ಹಾಜರ ಮಾಡ್ತೀವಿ. ಮುಗಿತು," ಎಂದರು. ಅರವತ್ತು ದಾಟಿದ ಮನುಷ್ಯ, ಒಳ್ಳೆಯವರು. ಅಕ್ಕ ವಕೀಲಳಾದರೆ ತನ್ನ ಪಕ್ಕದ ಮೇಜು ಅವಳಿಗೇ ಎಂದು ಎಲ್ಲರ ಮುಂದೆ ಹೇಳಿದ್ದರು.

ಆದರೂ ಒಮ್ಮೆ ಕೇಳಿಕೊಂಡೇ ಬರೋಣ ಎಂದು ನಾನು ಅಕ್ಕನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಧಾರವಾಡಕ್ಕೆ ಹೋದೆ. ಕಾಲೇಜಿನ ಸುಪರಿಂಟೆಂಡೆಂಟ್ ಪಂಢರಿನಾಥ ಅಂತ. ತೆಳ್ಳಗಿನ ಮನುಷ್ಯ, ಮೆತ್ತಗಿನ ಮಾತು. ನಾನು ಅಂಗಿ ಹಿಡಿಯುವ ತಯಾರಿಯಲ್ಲೇ ಹೋಗಿದ್ದೆ. ಅವರು ಎದ್ದು ನಿಂತು ನಮಸ್ಕಾರ ಮಾಡಿದರು.

"ಬರ್ರಿ ಬರ್ರಿ. ಕೂಡ್ರಿ. ಯಾಸ್ಮಿನ ಅವರ ತಮ್ಮ ಏನ್ರಿ ನೀವು? ನಮಗೂ ಭಾಳ ಕೆಟ್ಟ ಅನಿಸ್ತದ್ರಿ. ಹಾಜರಿ ಒಂದೂ ತಪ್ಪಿಲ್ಲ ಅವರದು."

"ಹಂಗಾರ ಯಾಕ ತಗದ್ರಿ?"

"ನಾವ್ ತಗದಿಲ್ರಿ. ಯೂನಿವರ್ಸಿಟಿಯಿಂದ ಬಂದದ. ವಕೀಲರ ಪರಿಷತ್ತಿನ ನಿಯಮ ಅದ. ಪಿಯುಸಿ ಇಲ್ಲದ ಸೀದಾ ಓಪನ್ ಡಿಗ್ರಿ ಮಾಡಿದವರಿಗೆ ಲಾ ಇಲ್ಲ ಅಂತ."

"ಸೇರಿಸ್ಕೊಳ್ಳೂಮುಂದ ಎಲ್ಲಿ ಹೋಗಿತ್ರಿ ನಿಯಮ?"

ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. "ಸರ್, ನಾನು ಪಿಯುಸಿ ಪಾಸ್ ಮಾಡಿ ತಂದು ಕೊಟ್ಟರ ಆಗ್ತದೇನ್ರಿ?" ಎಂದು ಕೇಳಿದಳು. ಧಾರವಾಡದವರ ಮುಂದೆ ಅವಳಿಗೆ ಧಾರವಾಡದ ಮಾತೇ ಬರುತ್ತದೆ.

ಪಂಢರಿನಾಥ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ತೊಗೊಂಡ ಬರ್ರಿ. ನೋಡೋಣಂತ."

ಆ 'ನೋಡೋಣಂತ' ಹಿಡಿದುಕೊಂಡು ನಾವು ಒಂದು ವರ್ಷ ಬದುಕಿದೆವು. ಹುಬ್ಬಳ್ಳಿಯವನು ಆಗುವುದಿಲ್ಲ ಎಂದರೆ ಆಗುವುದಿಲ್ಲ ಎನ್ನುತ್ತಾನೆ, ಜೊತೆಗೆ ಒಂದು ಬೈಗುಳವನ್ನೂ ಸೇರಿಸಿ ಕೊಡುತ್ತಾನೆ, ನಮಗೆ ಗೊತ್ತಾಗುತ್ತದೆ. ಧಾರವಾಡದ ಆ ಮನುಷ್ಯನಿಗೆ ಎದುರು ಕೂತ ಹೆಣ್ಣುಮಗಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಎಸ್ಸೆಸ್ಸೆಲ್ಸಿ ಆಗಿ ಬಹಳ ವರ್ಷವಾಗಿದ್ದರೆ ಮನೆಯಿಂದಲೇ ಓದಿ, ಖಾಸಗಿಯಾಗಿ ಸೀದಾ ಎರಡನೇ ಪಿಯುಸಿ ಪರೀಕ್ಷೆಗೆ ಕೂರಬಹುದು. ಅಕ್ಕ ಕೂತಳು. ಬಿ.ಎ. ಓದಿದವಳು ಪಿಯುಸಿಯ ಪುಸ್ತಕ ತಂದು ಓದಿದಳು. ಓಣಿಯವರಿಗೆ ಇದೊಂದು ಮೋಜು. ಪಕ್ಕದ ಮನೆಯ ಜರೀನಾ ಚಾಚಿ ಕಟ್ಟೆಯ ಮೇಲೆ ಕೂತು, "ಯಾಸ್ಮಿನ, ಮುಂದಿನ ವರ್ಷ ಅಂಗನವಾಡಿಗೂ ಹೋಗಿ ಬಂದ ಬಿಡವಾ, ಅದೂ ಕೇಳ್ಯಾರು," ಎಂದಳು. ಅಕ್ಕ ನಕ್ಕಳು. "ಅಂಗನವಾಡಿದು ಸರ್ಟಿಫಿಕೇಟ್ ಐತಿ ಚಾಚಿ, ಅವ್ವ ಟ್ರಂಕಿನ್ಯಾಗ ಇಟ್ಟಾಳ."

ಪರೀಕ್ಷೆಯ ಮೊದಲ ದಿನ ಅವಳನ್ನು ನಾನೇ ಬಿಡಲು ಹೋಗಿದ್ದೆ. ಗೇಟಿನ ಬಳಿ ನಿಂತಿದ್ದ ಹುಡುಗಿಯರು ಅಕ್ಕನನ್ನು ನೋಡಿ ದಾರಿ ಬಿಟ್ಟರು. ಒಬ್ಬಳು, "ಮ್ಯಾಡಮ್, ಯಾವ ರೂಮಿಗೆ ನೀವು ಬರ್ತೀರಿ?" ಎಂದು ಕೇಳಿಯೂ ಬಿಟ್ಟಳು. ಅಕ್ಕ ಹಾಲ್ ಟಿಕೆಟ್ ತೋರಿಸಿದಳು. ಆ ಹುಡುಗಿಗೆ ನಾಚಿಕೆಯಾಯಿತು, ಅಕ್ಕನಿಗೆ ಆಗಲಿಲ್ಲ. ಆದರೆ ಹೊರಗೆ ಗಾಡಿಯ ಮೇಲೆ ಕೂತಿದ್ದ ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಯಾರನ್ನು ಎಂದು ಗೊತ್ತಿರಲಿಲ್ಲ.

ಅಕ್ಕ ಡಿಸ್ಟಿಂಕ್ಷನ್‌ನಲ್ಲಿ ಪಾಸಾದಳು.

ಅಪ್ಪ ಅವತ್ತು ಅಂಗಡಿ ಅರ್ಧ ದಿನ ಬಂದ್ ಮಾಡಿದ. ಅವ್ವ ಹುಗ್ಗಿ ಮಾಡಿದಳು. ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಕೂಡಲೇ ಅಕ್ಕ, ನಾನು ಮತ್ತೆ ಧಾರವಾಡಕ್ಕೆ ಹೋದೆವು. ದಾರಿಯಲ್ಲಿ ಪೇಡೆ ಕಟ್ಟಿಸಿಕೊಂಡೆವು. ಧಾರವಾಡಕ್ಕೇ ಧಾರವಾಡ ಪೇಡೆ ಒಯ್ಯುವುದೇನು ಎಂದು ನಾನು ಅಂದೆ. "ಸುಮ್ನ ಇರು, ಆ ಸರ್ ನಮ್ಮನ್ನ ಕುಂದರಿಸಿ ಮಾತಾಡಿದ್ರು," ಎಂದಳು. ಗಾಡಿಯ ಮೇಲೆ ಎಂದೂ ಮಾತಾಡದವಳು ಅವತ್ತು ನವನಗರ ದಾಟುವವರೆಗೂ ಮಾತಾಡಿದಳು. ಈ ಸಲ ಋತುಜಾಳ ಹಿಂದಿನ ಕ್ಲಾಸಿನಲ್ಲಿ ಕೂರಬೇಕಾಗುತ್ತದೆ, ಇರಲಿ, ಅವಳ ನೋಟ್ಸ್ ಸಿಗುತ್ತವೆ ಎಂದಳು.

ಪಂಢರಿನಾಥ ಸರ್ ಮಾರ್ಕ್ಸ್ ಕಾರ್ಡ್ ನೋಡಿ ಖರೇ ಸಂತೋಷಪಟ್ಟರು. ಅದು ನಾಟಕವಲ್ಲ, ಮುಖದಲ್ಲಿ ಕಾಣುತ್ತಿತ್ತು. "ಏನ್ರಿ ಇದು, ಇತಿಹಾಸದಾಗ ಇಷ್ಟ ಮಾರ್ಕ್ಸು? ಭಾಳ ಛಲೋ ಆತು," ಎಂದು ಒಂದು ಪೇಡೆ ಬಾಯಿಗೆ ಹಾಕಿಕೊಂಡರು. ಆಮೇಲೆ ಬಿ.ಎ. ಸರ್ಟಿಫಿಕೇಟ್ ತೆಗೆದು ಪಕ್ಕದಲ್ಲಿ ಇಟ್ಟರು. ಅದನ್ನು ನೋಡಿದರು, ಇದನ್ನು ನೋಡಿದರು. ಬಾಯಲ್ಲಿದ್ದ ಪೇಡೆ ಅಗಿಯುವುದು ನಿಂತಿತು.

"ಪಿಯುಸಿ ಈ ವರ್ಷದ್ದು ಅಲ್ರಿ?"

"ಹೌದ್ರಿ ಸರ್. ನೀವ ಹೇಳಿದ್ರೆಲ್ಲ."

"ಡಿಗ್ರಿ ಮೊದಲಿಂದು."

"ಹೌದ್ರಿ."

ಅವರು ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋದರು. ಹೊರಗೆ ಬಂದಾಗ ನಿಂತುಕೊಂಡೇ ಮಾತಾಡಿದರು. "ಇದು ನಡಿಯೂದಿಲ್ಲಂತ ಕಾಣ್ತದ್ರಿ. ಪಿಯುಸಿ ಮೊದಲ ಆಗಿರಬೇಕು, ಅದರ ಮ್ಯಾಲೆ ಡಿಗ್ರಿ ಆಗಿರಬೇಕು. ನಿಮ್ಮ ಡಿಗ್ರಿಯ ಕೆಳಗ ಪಿಯುಸಿ ಇಲ್ಲ. ಬಾಜೂಕ ಅದ."

"ಅಂದ್ರ?" ಎಂದೆ ನಾನು.

"ಅಂದ್ರ, ಈಗ ಪಿಯುಸಿ ಆಗೇದಲ್ಲ, ಇದರ ಮ್ಯಾಲೆ ಮತ್ತೊಂದು ಡಿಗ್ರಿ ಮಾಡಬೇಕು. ಆಮ್ಯಾಲೆ ಲಾ."

"ಆಕಿ ಡಿಗ್ರಿ ಮಾಡ್ಯಾಳ್ರಿ. ಅದರಾಗ ಇದ್ದದ್ದೆಲ್ಲ ಆಕಿ ತಲ್ಯಾಗ ಐತಿ. ಬೇಕಾದ್ರ ಈಗ ಕೇಳ್ರಿ, ಇಲ್ಲೇ ಕೇಳ್ರಿ."

"ಅವರ ತಲಿ ಬಗ್ಗೆ ನಂಗೇನೂ ಸಂಶಯ ಇಲ್ರಿ. ಮ್ಯಾಲಿನವರು ತಾರೀಖು ನೋಡ್ತಾರ."

ನಾನು ಎದ್ದೆ. ನನ್ನ ದನಿ ಕಾರಿಡಾರಿನ ಆ ತುದಿಗೂ ಕೇಳುತ್ತಿತ್ತು. ಕರಿ ಕೋಟಿನ ಹುಡುಗರು ಬಾಗಿಲಲ್ಲಿ ಬಂದು ನಿಂತರು. ಒಂದು ವರ್ಷ ಓದಿಸಿ, ಪರೀಕ್ಷೆ ಬರೆಸಿ, ಈಗ ಹಿಂದೆ ಮುಂದೆ ಎನ್ನುತ್ತೀರೇನು ಎಂದೆ. ಯಾವ ಬುದ್ಧಿಗೇಡಿ ಈ ನಿಯಮ ಬರೆದ, ಅವನ ಹೆಸರು ಹೇಳಿ ಎಂದೆ. ನೀವು ಅವತ್ತೇ ಆಗುವುದಿಲ್ಲ ಅಂದಿದ್ದರೆ ಈ ಹೊತ್ತಿಗೆ ಮತ್ತೊಂದು ಡಿಗ್ರಿಯ ಒಂದು ವರ್ಷ ಮುಗಿದಿರುತ್ತಿತ್ತು ಎಂದೆ. ಅದನ್ನು ಅನ್ನುವಾಗಲೇ ಅದು ತಪ್ಪು ಲೆಕ್ಕ ಎಂದು ನನಗೆ ಹೊಳೆಯಿತು. ಅವತ್ತು ಡಿಗ್ರಿ ಸೇರಿದ್ದರೂ ಅದರ ಕೆಳಗೆ ಪಿಯುಸಿ ಇರುತ್ತಿರಲಿಲ್ಲ. ಎಲ್ಲಿಂದ ಶುರು ಮಾಡಿದರೂ ಆ ಒಂದು ವರ್ಷ ಹೋಗಲೇಬೇಕಿತ್ತು. ಸಿಟ್ಟಿಗೂ ಒಂದು ನ್ಯಾಯ ಬೇಕಲ್ಲ, ಅದೂ ಸಿಗಲಿಲ್ಲ.

ಪಂಢರಿನಾಥ ಸರ್ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದರು. ಪ್ಯೂನ್‌ಗೆ ನೀರು ತರಲು ಹೇಳಿದರು. "ನೀವ್ ಹೇಳೂದು ಖರೇ ಅದ್ರಿ. ನನ್ನ ಮಗಳಾಗಿದ್ರ ನಾನೂ ಹಿಂಗ ಮಾತಾಡತಿದ್ದೆ. ತಪ್ಪು ನಮ್ಮದೂ ಅದ. ಆದ್ರ ನಾ ಬರದು ಕಳಿಸಿದ್ರ ಅವರು ಮತ್ತ ವಾಪಸ್ ಕಳಸ್ತಾರ. ಮತ್ತ ಮೂರ ತಿಂಗಳ ಕುಂದರಿಸಿ ಎಬ್ಬಿಸಲೇನ್ರಿ ಅವರನ್ನ?"

ಒಬ್ಬನಾದರೂ ನನ್ನ ವಿರುದ್ಧ ಮಾತಾಡಿದ್ದರೆ ನಾನು ಏನಾದರೂ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತ ಹುಡುಗರೂ, "ಇದು ಭಾಳ ಅನ್ಯಾಯ ಬಿಡ್ರಿ," ಎಂದರು. ಎಲ್ಲರೂ ನನ್ನ ಕಡೆಗೇ ಇದ್ದರು. ಅಕ್ಕ ಕಾಗದಗಳನ್ನು ಒಂದೊಂದಾಗಿ ಫೈಲಿಗೆ ಹಾಕಿಕೊಂಡು, ಪೇಡೆಯ ಪೊಟ್ಟಣ ಮೇಜಿನ ಮೇಲೆಯೇ ಬಿಟ್ಟು, "ಬರ್ತೇವ್ರಿ ಸರ್," ಎಂದಳು.

ಶಾಂತಯ್ಯ ವಕೀಲರು ಎರಡು ದಿನ ಪುಸ್ತಕ ತಿರುವಿದರು. ಹೈಕೋರ್ಟಿಗೆ ಹೋಗಬಹುದೇ ಎಂದು ನಾನೇ ಕೇಳಿದ್ದೆ. ಬೇಕಾದರೆ ಗ್ಯಾರೇಜಿನ ಸಾಮಾನು ಮಾರುತ್ತೇನೆ ಎಂದೂ ಹೇಳಿದ್ದೆ.

"ರೊಕ್ಕದ ಮಾತಲ್ಲೋ ತಮ್ಮಾ," ಎಂದರು. "ಹಿಂತಾವ ಕೇಸು ಆಗಿ ಹೋಗ್ಯಾವ, ಬಿದ್ದ ಹೋಗ್ಯಾವ. ಹಾಕು ಅಂದ್ರ ಹಾಕತೇನಿ. ಇವತ್ತ ನಾಳೆ ಅಂತ ಹೋಗ್ತೈತಿ. ಅಷ್ಟರಾಗ ಆಕಿ ಮತ್ತೊಂದು ಡಿಗ್ರಿನ ಮುಗಿಸಿರತಾಳ." ಆಮೇಲೆ ಅಕ್ಕನ ಕಡೆ ನೋಡದೆ ಹೇಳಿದರು: "ನಾನ ಮೊದಲ ಓದಿ ಹೇಳಬೇಕಿತ್ತವಾ. ನಮ್ಮ ಕಾಲದಾಗ ಇದೆಲ್ಲ ಇರಲಿಲ್ಲ."

ಅಕ್ಕ, "ಇರ್ಲಿ ಬಿಡ್ರಿ ಸರ್. ಆ ಹೆಬ್ಬಳ್ಳಿ ಪಾಲಿನ ದಾವೆ ಪ್ರಿಂಟ್ ಕೊಡ್ಲೇನ್ರಿ?" ಎಂದು ಕೇಳಿದಳು.

ಮರುದಿನ ಮುಂಜಾನೆ ಅವಳು ನನ್ನ ಗ್ಯಾರೇಜಿಗೆ ಬಂದು, "ನಡಿ," ಎಂದಳು. ಎಲ್ಲಿಗೆ ಎಂದು ಹೇಳಲಿಲ್ಲ. ವಿದ್ಯಾನಗರದ ಕಡೆ ತಿರುಗಿಸು ಎಂದಾಗ ಗೊತ್ತಾಯಿತು. ಅವಳು ಬಿ.ಎ. ಓದಿದ ದೂರಶಿಕ್ಷಣದ ಕೇಂದ್ರ ಅಲ್ಲಿದೆ. ಅದೇ ಡಿಗ್ರಿಯನ್ನು ಮೊದಲಿನಿಂದ ಮತ್ತೆ ಮಾಡುವುದು ಎಂದು ಅವಳು ರಾತ್ರಿಯೇ ಗಟ್ಟಿ ಮಾಡಿಕೊಂಡಿದ್ದಳು. ಪುಸ್ತಕಗಳು ಮನೆಯಲ್ಲೇ ಇವೆ. ಪಾಠ ಗೊತ್ತಿರುವುದೇ. ಮೂರು ವರ್ಷ ಸುಮ್ಮನೆ ಬರೆದು ಬರುವುದು.

ಕೌಂಟರಿನಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಕೂತಿದ್ದಳು. ಹೆಸರು ಕೊರಳಿನ ಕಾರ್ಡಿನಲ್ಲಿತ್ತು. "ಹೊಸಾ ಅಡ್ಮಿಷನ್ ಏನ್ರಿ? ಪಿಯುಸಿ ಕೊಡ್ರಿ," ಎಂದಳು. ಅಕ್ಕ ಕೊಟ್ಟಳು. ಆ ಮಾರ್ಕ್ಸ್ ಕಾರ್ಡನ್ನು ಯಾರಾದರೂ ಸರಳವಾಗಿ ತೆಗೆದುಕೊಂಡದ್ದು ಅದೇ ಮೊದಲು. ಭಾಗ್ಯಶ್ರೀ ಆಧಾರ್ ನಂಬರ್ ಹೊಡೆದು ಕಂಪ್ಯೂಟರ್ ನೋಡಿದಳು, ಮತ್ತೊಮ್ಮೆ ಹೊಡೆದು ಮತ್ತೊಮ್ಮೆ ನೋಡಿದಳು.

"ನಿಮ್ಮದು ಬಿ.ಎ. ಆಗಿ ಬಿಟ್ಟೈತೆಲ್ರಿ. ನಮ್ಮಲ್ಲೇ."

"ಹೌದ್ರಿ. ಅದನ್ನ ಮತ್ತ ಮಾಡಬೇಕ್ರಿ."

"ಯಾಕ್ರಿ?"

ಅಕ್ಕ ಹೇಳಲು ಬಾಯಿ ತೆರೆದಳು. ಪಿಯುಸಿ, ಡಿಗ್ರಿ, ಕೆಳಗೆ, ಬಾಜೂಕೆ. ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದೆ ಮುಚ್ಚಿದಳು. "ಬೇಕಾಗೇತ್ರಿ," ಎಂದಳು.

"ಪಾಸಾದವರಿಗೆ ಅದ ಡಿಗ್ರಿ ಮತ್ತ ಕೊಡಂಗಿಲ್ರಿ. ಇದು ತಗೋಳೂದ ಇಲ್ಲ ನೋಡ್ರಿ," ಎಂದು ಭಾಗ್ಯಶ್ರೀ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಅಲ್ಲಿ ಕೆಂಪು ಅಕ್ಷರದಲ್ಲಿ ಏನೋ ಇಂಗ್ಲಿಷ್ ಇತ್ತು. "ಎಂ.ಎ. ಮಾಡ್ರಲ್ಲ. ಎರಡ ವರ್ಷದಾಗ ಮುಗಿತೈತಿ."

"ಎಂ.ಎ. ನನಗ ಬ್ಯಾಡ್ರಿ."

"ಹಂಗಾರ ಬಿ.ಕಾಂ. ಮಾಡ್ರಿ. ಬ್ಯಾರೆ ಡಿಗ್ರಿ ಅಂದ್ರ ತಗೋತೈತಿ. ಲೆಕ್ಕಪತ್ರ ಬರತೈತೇನ್ರಿ ನಿಮಗ?"

"ಇಲ್ರಿ," ಎಂದಳು ಅಕ್ಕ. ಭಾಗ್ಯಶ್ರೀ ಸರಿಸಿದ ಅರ್ಜಿ ಎಳೆದುಕೊಂಡು ಕೇಳಿದಳು: "ಅದ ಮುಗದ ಮ್ಯಾಲ ಲಾ ಕಾಲೇಜಿನ್ಯಾಗ ತಗೋತಾರಲ್ರಿ? ಮತ್ತೇನೂ ಅನ್ನಂಗಿಲ್ಲಲ್ಲ?"

"ತಗೋತಾರ ಅನಸತೈತ್ರಿ," ಎಂದಳು ಭಾಗ್ಯಶ್ರೀ. "ನೀವು ಅಲ್ಲೇ ಕೇಳಿ ನೋಡ್ರಿ."

ಅಕ್ಕನ ಕೈಯಲ್ಲಿ ಪೆನ್ನು ಇತ್ತು. ಬಿ.ಕಾಂ.ನ ಅರ್ಜಿ ಮುಂದೆ ಇತ್ತು. ಅವಳು ನನ್ನ ಕಡೆ ತಿರುಗಿದಳು.

"ಜುಲ್ಪಿ, ಏನ ಮಾಡ್ಲಿ?"

ಟೈಪಿಂಗ್ ಕಲಿಯುವಾಗ ಅವಳು ನನ್ನನ್ನು ಕೇಳಿರಲಿಲ್ಲ. ಡಿಗ್ರಿಗೆ, ಕಾಲೇಜಿಗೆ, ಯಾವುದಕ್ಕೂ ಕೇಳಿರಲಿಲ್ಲ. ಎಂಟನೇ ಇಯತ್ತೆಗೆ ಬಿಟ್ಟವನನ್ನು ಯಾರು ಕೇಳುತ್ತಾರೆ. ಈಗ ಕೇಳಿದಳು. ಸುಪರಿಂಟೆಂಡೆಂಟಿಗೆ, ಪ್ರಿನ್ಸಿಪಾಲಿಗೆ, ಯಾವುದೋ ಊರಲ್ಲಿ ಕೂತು ನಿಯಮ ಬರೆದವನಿಗೆ ಅನ್ನಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಾಯಲ್ಲಿ ಇದ್ದವು. ಇದಕ್ಕೆ ಒಂದೂ ಆಗುತ್ತಿರಲಿಲ್ಲ. ಮಾಡು ಎಂದರೆ ಮೂರು ವರ್ಷ ಬಾರದ ಲೆಕ್ಕದೊಡನೆ ಜಗಳಾಡಿ ಅವಳು ಮತ್ತೆ ಯಾವುದೋ ಮೇಜಿನ ಮುಂದೆ ಹೋಗಿ ನಿಲ್ಲುತ್ತಾಳೆ, ಅಲ್ಲಿ ಇನ್ನೊಬ್ಬ ಒಳ್ಳೆಯ ಮನುಷ್ಯ ಕನ್ನಡಕ ಒರೆಸಿಕೊಳ್ಳುತ್ತಾನೆ. ಬಿಡು ಎಂದರೆ, ಹೋಗು ಎನ್ನದ ಮನೆಯಲ್ಲಿ ಬೇಡ ಎಂದವನು ನಾನೊಬ್ಬನೇ ಆಗುತ್ತೇನೆ.

"ನಂಗ ಗೊತ್ತಾಗವಲ್ದಕ್ಕಾ," ಎಂದೆ.

ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೊಂದು ಮಾತು ಬರಬಹುದೇನೋ ಎಂಬಂತೆ. ಹಿಂದೆ ನಿಂತವರ ಪಾಳಿ ಬೆಳೆದಿತ್ತು. "ಅಕ್ಕಾರ, ಲಗೂ ಮಾಡ್ರಿ, ನಾವು ಗರಗದಿಂದ ಬಂದೇವಿ," ಎಂದು ಯಾರೋ ಅಂದರು. ಅಕ್ಕ ಬಾಜೂಕೆ ಸರಿದು ಅವರಿಗೆ ಜಾಗ ಬಿಟ್ಟಳು. ಅವರ ಹಿಂದಿನವರಿಗೂ ಬಿಟ್ಟಳು. ಅರ್ಜಿಯನ್ನು ತುಂಬಲೂ ಇಲ್ಲ, ತಿರುಗಿ ಕೊಡಲೂ ಇಲ್ಲ.

ಪಾಳಿ ಮುಗಿದ ಮೇಲೆ ಭಾಗ್ಯಶ್ರೀ ಊಟಕ್ಕೆ ಎದ್ದು ಕಿಟಕಿಯ ಬಾಗಿಲು ಅರ್ಧ ಎಳೆದಳು. ನಮ್ಮನ್ನು ನೋಡಿ, "ಊಟ ಆದಮ್ಯಾಲ ತಗಿತೇನ್ರಿ. ವಿಚಾರ ಮಾಡ್ಕೊಂಡಿರ್ರಿ," ಎಂದಳು.

ಗೋಡೆಯ ಪಕ್ಕದ ಬೆಂಚಿನ ಮೇಲೆ ಅಕ್ಕ ಕೂತಳು. ನಾನೂ ಕೂತೆ.